ತೋಟದಲ್ಲಿ ಲೆಕ್ಕ ಬರುತ್ತದೆ, ಪುಸ್ತಕದಲ್ಲಿ ಬರಲ್ಲ. ಈ ಹುಡುಗನಿಗೆ ಹೇಗೆ ಕಲಿಸಲಿ?

ಮೂಡಿಗೆರೆ ಟೀಚರ್:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಏಳನೇ ಕ್ಲಾಸಿನ ಒಬ್ಬ ಹುಡುಗನ ಬಗ್ಗೆ ಕೇಳಬೇಕಿತ್ತು.

ಅವನ ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಾರೆ. ತೋಟದವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ವಾಸ. ಹಣ್ಣು ಕುಯ್ಯುವ ಸಮಯದಲ್ಲಿ ಸಂಜೆ ತೂಕ ಹಾಕುವ ಜಾಗದಲ್ಲಿ ಅಮ್ಮನ ಪಕ್ಕ ನಿಂತಿರುತ್ತಾನೆ. ಶಾಲೆ ಬಿಟ್ಟು ಬರುವಾಗ ನಾನೇ ನೋಡಿದ್ದೇನೆ. ಅಮ್ಮನದು 47 ಕೆಜಿ ಬಂತು, ಕೆಜಿಗೆ 5 ರೂಪಾಯಿ. ತೋಟದ ಲೆಕ್ಕ ಬರೆಯುವ ರೈಟರ್ ಪೆನ್ನು ತೆಗೆಯುವ ಮೊದಲೇ ಇವನು 235 ಅಂದ. ಹೇಗೋ ಅಂತ ಕೇಳಿದೆ. ‘ಐವತ್ತಕ್ಕೆ ಇನ್ನೂರೈವತ್ತು ಟೀಚರ್, ಮೂರು ಕೆಜಿ ಕಮ್ಮಿ, ಹದಿನೈದು ಹೋಯ್ತು’ ಅಂದ.

ಮಾರನೇ ದಿನ ಅದೇ 47 × 5 ಬೋರ್ಡ್ ಮೇಲೆ ಬರೆದು ಕರೆದೆ. ಐದೇಳ್ಲಿ 35 ಅಂತ ಪೂರ್ತಿ ಬರೆದ, ಐದ್ನಾಕ್ಲಿ 20 ಅಂತ ಅದರ ಎಡಕ್ಕೆ ಬರೆದ. ಉತ್ತರ 2035. ದಶಕ ಎಲ್ಲಿ ಇಟ್ಟುಕೊಳ್ಳಬೇಕು ಅನ್ನುವುದೇ ತಲೆಗೆ ಹತ್ತಿಲ್ಲ. ದಶಮಾಂಶವೂ ಹಾಗೆಯೇ. 0.5 ದೊಡ್ಡದೋ 0.45 ದೊಡ್ಡದೋ ಅಂದರೆ 0.45 ಅನ್ನುತ್ತಾನೆ. 5ಕ್ಕಿಂತ 45 ದೊಡ್ಡದು ಅಲ್ವಾ, ಅದು ಅವನ ವಾದ.

ತೋಟದ ಲೆಕ್ಕದಿಂದಲೇ ಪಾಠ ಶುರು ಮಾಡಬೇಕು ಅಂತ ನನಗೆ ಆಸೆ. ಪೋಷಕರ ಸಭೆಗೆ ಬಂದಾಗ ಅವನ ಅಮ್ಮನಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. ‘ಈ ಕೆಲಸ ಅವನಿಗೆ ಬೇಡ ಅಂತಲೇ ಸ್ಕೂಲಿಗೆ ಕಳಿಸೋದು ಟೀಚರ್. ಅಲ್ಲೂ ಕಾಫಿನೇನಾ?’ ಅಂದರು. ಆ ಮಾತು ನನ್ನನ್ನು ಬಿಡುತ್ತಿಲ್ಲ.

ಅವನಿಗೆ ಬರುವ ಲೆಕ್ಕವನ್ನು ಪುಸ್ತಕದ ಲೆಕ್ಕಕ್ಕೆ ದಾಟಿಸುವುದು ಹೇಗೆ? ಆ ತಾಯಿಗೆ ಏನು ಹೇಳಲಿ? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಅರಸೀಕೆರೆ ಮೇಷ್ಟ್ರು:

ಮೇಡಂ, ನಿಮ್ಮ ಹುಡುಗನಂಥವರು ಪ್ರಪಂಚದ ತುಂಬ ಇದ್ದಾರೆ. ಬ್ರೆಜಿಲ್ ದೇಶದ ರೆಸಿಫೆ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳ ಲೆಕ್ಕವನ್ನು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರ ಮಾಡುತ್ತಾ ಹೇಳಿದಾಗ 100ಕ್ಕೆ 98 ಸರಿ. ಅಂಥದೇ ಲೆಕ್ಕ ಬರೀ ಅಂಕಿಗಳಾಗಿ ಕಾಗದದ ಮೇಲೆ ಬಂದಾಗ 100ಕ್ಕೆ 37 ಮಾತ್ರ. ಅಲ್ಲಿ ಎಳನೀರು ಮಾರುವ ಹುಡುಗನಿಗೆ ಒಂದಕ್ಕೆ 35 ಆದರೆ ಹತ್ತಕ್ಕೆ ಎಷ್ಟು ಅಂತ ಕೇಳಿದರು. ಅವನು ಸೊನ್ನೆ ಹಚ್ಚಲಿಲ್ಲ. ಮೂರಕ್ಕೆ 105, ಇನ್ನೂ ಮೂರು ಸೇರಿದರೆ 210, ಇನ್ನೂ ಮೂರಕ್ಕೆ 315, ಉಳಿದ ಒಂದಕ್ಕೆ 35, ಒಟ್ಟು 350 ಅಂದ. ನಮ್ಮ ಕಡೆ ಕಾಯಿ ಎಣಿಸುವವರನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೋಲ್ಕತ್ತಾ, ದೆಹಲಿ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ಬಂದ ಅಧ್ಯಯನದಲ್ಲೂ ಇದೇ ಕಂಡಿತು. ಅದರಲ್ಲಿ ಇನ್ನೊಂದು ಮಾತೂ ಇದೆ. ಶಾಲೆಯಲ್ಲಿ ಲೆಕ್ಕ ಬರುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಅಂದರೆ ಎರಡೂ ಕಡೆಯಿಂದ ದಾರಿ ತಾನಾಗಿ ಆಗುವುದಿಲ್ಲ. ನಾವು ಮಾಡಿಕೊಡಬೇಕು.

ನಾನು ಮಾಡುವುದು ಇಷ್ಟು. ಮೊದಲು ಅವನ ರೀತಿಯಲ್ಲೇ ಬಾಯಿಬಿಟ್ಟು ಹೇಳಿಸಿ. ಅವನು ಹೇಳಿದ್ದನ್ನು ನೀವು ಬೋರ್ಡ್ ಮೇಲೆ ಬರೆಯಿರಿ: 5 × 50 = 250, 5 × 3 = 15, 250 − 15 = 235. ಇದೇ 5 × (50 − 3). ಆವರಣ ಬಿಡಿಸಿ ಗುಣಿಸುವ ಪಾಠವನ್ನು ಅವನು ಆಗಲೇ ಮಾಡಿ ಮುಗಿಸಿದ್ದಾನೆ! ಇಡೀ ಕ್ಲಾಸಿಗೆ ಇದು ಅವನ ವಿಧಾನ ಅಂತಲೇ ಹೇಳಿ. ಆಮೇಲೆ 5 × (40 + 7) ಬರೆಸಿ. 200, 35. ಈ 35ರಲ್ಲಿರುವ 30 ಆ 200ರ ಜೊತೆ ಸೇರಬೇಕು ಅನ್ನುವುದು ಅವನಿಗೇ ಹೊಳೆಯುತ್ತದೆ. ದಶಕ ಅಂದರೆ ಅದೇ ತಾನೇ. 2035 ಬಂದಾಗ ತಪ್ಪು ಅಂತ ಗೀಟು ಹಾಕುವ ಬದಲು, ‘ನಿಮ್ಮಮ್ಮನಿಗೆ ಒಂದು ದಿನಕ್ಕೆ ಇಷ್ಟು ಬರುತ್ತಾ?’ ಅಂತ ಕೇಳಿ. ಅಂದಾಜು ನೋಡುವುದು ಅವನ ಕೈಯಲ್ಲೇ ಇರುವ ಶಕ್ತಿ.

ಒಂದು ಎಚ್ಚರ. ಇವನು ಕೈಯಲ್ಲಿ ಮಾಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು ಅಂತ ಮಕ್ಕಳನ್ನು ಭಾಗ ಮಾಡಬೇಡಿ. ಹಾಗೆ ಭಾಗ ಮಾಡಿ ಕಲಿಸಿದರೆ ಲಾಭ ಅನ್ನುವುದಕ್ಕೆ ಸರಿಯಾದ ಆಧಾರ ಇಲ್ಲ ಅಂತ ಮನಶ್ಶಾಸ್ತ್ರಜ್ಞರು 2008ರಲ್ಲೇ ಪರಿಶೀಲಿಸಿ ಹೇಳಿದ್ದಾರೆ. ಅವನಿಗೆ ಏನು ಗೊತ್ತು ಅನ್ನುವುದರಿಂದ ಶುರು ಮಾಡುವುದು ಬೇರೆ ವಿಷಯ.

ಕಳಸದ ಕಡೆಯವನು:

ಟೀಚರಮ್ಮ, ನಾನು ಸಣ್ಣ ಬೆಳೆಗಾರ. ಪಾಠದ ವಿಷಯ ಗೊತ್ತಿಲ್ಲ, ದಶಮಾಂಶಕ್ಕೆ ಒಂದು ದಾರಿ ಹೇಳುತ್ತೇನೆ. ನಮ್ಮ ತೋಟಗಳಲ್ಲಿ ಮಳೆಯನ್ನು ಇನ್ನೂ ಇಂಚು, ಸೆಂಟ್‌ನಲ್ಲೇ ಹೇಳುವುದು. 100 ಸೆಂಟ್ ಅಂದರೆ ಒಂದು ಇಂಚು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದಾಗ ಎಲ್ಲರ ಬಾಯಲ್ಲೂ ಅದೇ ಮಾತು: ನಿಮ್ಮಲ್ಲಿ ಎಷ್ಟು ಸೆಂಟ್? ನಮ್ಮಲ್ಲಿ ಒಂದು ಇಂಚು ಐದು ಸೆಂಟ್ ಆಯಿತು ಅಂದುಕೊಳ್ಳಿ. ಮಳೆ ಪುಸ್ತಕದಲ್ಲಿ 1.05 ಅಂತ ಬರೆಯುತ್ತೇವೆ. 1.5 ಅಂತ ಬರೆದರೆ ಒಂದೂವರೆ ಇಂಚಾಯಿತು! ರೋಬಸ್ಟಾ ಜಾತಿಯ ಕಾಫಿ ಇಟ್ಟವನಿಗೆ ಆ ವ್ಯತ್ಯಾಸ ಸಣ್ಣದಲ್ಲ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವುದು ಅದರ ಮೇಲೇ ನಿಂತಿದೆ. ಅರ್ಧ ಇಂಚು ಅಂದರೆ 50 ಸೆಂಟ್ ಅಂತ ಲೈನ್ ಮನೆ ಮಕ್ಕಳು ಕೇಳಿಯೇ ಇರುತ್ತಾರೆ. 0.5 ಅಂದರೆ 50, 0.45 ಅಂದರೆ 45. ಯಾವುದು ಜಾಸ್ತಿ ಅಂತ ಈಗ ಕೇಳಿ ನೋಡಿ.

ನಮ್ಮ ಅಪ್ಪನ ಕಾಲದಿಂದ ಮಳೆ ಪುಸ್ತಕ ಇಟ್ಟಿದ್ದೇವೆ. ಬೇಕಾದರೆ ಕೆಲವು ವರ್ಷದ ಪುಟಗಳ ಫೋಟೋ ಕಳಿಸುತ್ತೇನೆ. ಸರಾಸರಿ, ಗ್ರಾಫ್ ಎಲ್ಲಕ್ಕೂ ಆಗುತ್ತದೆ. ಒಂದು ಹಳೆಯ ಮಳೆ ಮಾಪಕವೂ ಇದೆ, ಅದನ್ನೂ ಶಾಲೆಗೆ ಕೊಡುತ್ತೇನೆ.

ಹಾಸನದಿಂದ ಅಕೌಂಟೆಂಟ್:

ಮೇಡಂ, ನಾನೂ ಲೈನ್ ಮನೆಯಲ್ಲಿ ಬೆಳೆದವಳು. ಆ ತಾಯಿಯ ಮಾತು ಓದಿ ನಮ್ಮಮ್ಮನೇ ಮಾತಾಡಿದ ಹಾಗಾಯಿತು. ಅವರ ಭಯ ಸರಿಯಾಗಿದೆ. ದಯವಿಟ್ಟು ಅದನ್ನು ತಿಳಿವಳಿಕೆ ಇಲ್ಲದ ಮಾತು ಅಂದುಕೊಳ್ಳಬೇಡಿ.

ಅವನಿಗೆ ತೋಟದ ಲೆಕ್ಕ ಗೊತ್ತಿದೆ ನಿಜ. ಅದು ಅವನಿಗೆ ಇಷ್ಟ ಅಂತ ಯಾರು ಹೇಳಿದರು? ಅಮ್ಮನಿಗೆ ಕೂಲಿಯಲ್ಲಿ ಮೋಸ ಆಗಬಾರದು ಅಂತಲೂ ಮಗು ಲೆಕ್ಕ ಕಲಿಯುತ್ತದೆ. ನಾನು ಕಲಿತದ್ದು ಹಾಗೆಯೇ. ನನಗೆ ಇಷ್ಟ ಇದ್ದದ್ದು ಬಸ್ಸು. ಕೊಟ್ಟಿಗೆಹಾರದಲ್ಲಿ ನಿಂತರೆ ಧರ್ಮಸ್ಥಳ, ಮಂಗಳೂರು, ಚಿಕ್ಕಮಗಳೂರು ಅಂತ ಬೋರ್ಡ್ ಓದುತ್ತಾ ಟೈಮ್ ಬರೆದುಕೊಳ್ಳುತ್ತಿದ್ದೆ. ಏಳನೇ ಕ್ಲಾಸಿನ ಮೇಷ್ಟ್ರು ಆ ಚೀಟಿ ನೋಡಿದರು. ಒಂದು ವಾರ ಕಾಲ, ದೂರ, ವೇಗದ ಲೆಕ್ಕಗಳನ್ನೆಲ್ಲ ಅದರಿಂದಲೇ ಮಾಡಿಸಿದರು. ಚಾರ್ಮಾಡಿ ಘಾಟಿಯಲ್ಲಿ ಬಸ್ ಯಾಕೆ ನಿಧಾನ ಅಂತ ಕೇಳಿದ್ದು ಇನ್ನೂ ನೆನಪಿದೆ. ನನ್ನ ಇಷ್ಟವನ್ನು ಒಬ್ಬರು ದೊಡ್ಡವರು ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು.

ಇನ್ನೊಂದು ಮಾತು. ತೋಟದ ಓನರ್ ಮನೆ ಮಗು, ರೈಟರ್ ಮಗು ಅದೇ ಕ್ಲಾಸಿನಲ್ಲಿ ಇರಬಹುದು. ಅವರ ಎದುರು ಅಮ್ಮನ ಕೂಲಿ ಎಷ್ಟು ಅಂತ ಹೇಳಿಸಬೇಡಿ. ಮೇಷ್ಟ್ರು ಹೇಳಿದ ಆ 2035ರ ಪ್ರಶ್ನೆ ಒಬ್ಬನೇ ಇದ್ದಾಗ ಕೇಳಿದರೆ ಸಾಕು.

ಮೂಡಿಗೆರೆ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಸನದ ಮೇಡಂ ಹೇಳಿದ ಮೇಲೆ, ನಿನಗೆ ಏನು ಇಷ್ಟ ಅಂತ ಅವನನ್ನೇ ಕೂರಿಸಿ ಕೇಳಿದೆ. ಕಾಫಿ ಅನ್ನಲಿಲ್ಲ. ವೀಡ್ ಕಟರ್ ಅಂದ! ತೋಟದಲ್ಲಿ ಹುಲ್ಲು ಹೊಡೆಯುವ ಆ ಮಷೀನ್ ಕೆಟ್ಟಾಗ ರಿಪೇರಿ ಮಾಡುವವರ ಪಕ್ಕ ಕೂತು ನೋಡುತ್ತಾನಂತೆ. ಪ್ಲಗ್, ಕಾರ್ಬೊರೇಟರ್ ಅಂತ ಮಾತಾಡುವಾಗ ಅವನ ದನಿಯೇ ಬೇರೆ.

ನಾವು ಈಗ ಅನುಪಾತದ ಪಾಠದಲ್ಲಿದ್ದೇವೆ. ಟೂ ಸ್ಟ್ರೋಕ್ ಮಷೀನಿಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಬೇಕು. 50ಕ್ಕೆ 1 ಅಂದರೆ ಒಂದು ಲೀಟರ್‌ಗೆ 20 ಮಿಲಿ. 25ಕ್ಕೆ 1 ಅಂದರೆ 40 ಮಿಲಿ. ಪೆಟ್ರೋಲ್ ಮುಟ್ಟಿಸಲಿಲ್ಲ. ನೀರು, ಬಣ್ಣದ ನೀರು, ಅಳತೆಗೆ ಔಷಧದ ಮುಚ್ಚಳ ಇಟ್ಟುಕೊಂಡು ಮಾಡಿದೆವು. 50ಕ್ಕೆ 1ರ ಲೆಕ್ಕದಲ್ಲಿ ಮೂರೂವರೆ ಲೀಟರ್‌ಗೆ ಎಷ್ಟು ಅಂದಾಗ ನಾಲ್ಕು ಜನ 70 ಅಂದರು. ಆಯಿಲ್ ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಹೊಗೆ ಅಂತ ಅವನು ಕ್ಲಾಸಿಗೆ ವಿವರಿಸಿದ. ಪುಸ್ತಕದ ಹುಡುಗರು, ಹುಡುಗಿಯರ ಅನುಪಾತದ ಲೆಕ್ಕಕ್ಕೆ ಬಂದಾಗ ಮತ್ತೆ ನಿಂತ. ಅಲ್ಲಿ ಬೆರೆಸುವುದೇ ಇಲ್ಲವಲ್ಲ ಟೀಚರ್ ಅಂದ. ಅಲ್ಲಿಂದ ಮುಂದೆ ಹೇಗೆ?

ಅಮ್ಮನಿಗೆ ಅವನ ನೋಟ್‌ಬುಕ್ ತೋರಿಸಿದೆ. ಮೆಕ್ಯಾನಿಕ್ ಕೆಲಸಕ್ಕೆ ಐಟಿಐ ಇದೆ, ಡಿಪ್ಲೊಮಾ ಇದೆ, ಅದಕ್ಕೆಲ್ಲ ಈ ಗಣಿತ ಬೇಕು ಅಂದೆ. ಪುಟ ತಿರುಗಿಸಿ ತಿರುಗಿಸಿ ನೋಡಿದರು. ಐಟಿಐ ಎಲ್ಲಿದೆ, ಫೀಸ್ ಎಷ್ಟು ಅಂತ ಕೇಳಿದರು.

ಅರಸೀಕೆರೆ ಮೇಷ್ಟ್ರು:

ಅವನ ಪ್ರಶ್ನೆ ಬಹಳ ಚೆನ್ನಾಗಿದೆ ಮೇಡಂ. ಆಯಿಲ್‌ನಿಂದ ನೇರ ಪುಸ್ತಕಕ್ಕೆ ಹಾರಬೇಡಿ. ಮಧ್ಯೆ ಇನ್ನೂ ಎರಡು ಬೇರೆ ತರಹದ ಲೆಕ್ಕ ಕೊಡಿ. ಒಂದು ಬಿಸಿಯೂಟದ ಅಕ್ಕಿ, ಬೇಳೆ. ಇನ್ನೊಂದರಲ್ಲಿ ಏನೂ ಬೆರೆಸುವುದು ಬೇಡ, ಶಾಲೆಯ ಹೊರಗೆ ಹೋಗುವ ಬೈಕು, ಜೀಪು ಎಣಿಸಲಿ. ಮೂರರಲ್ಲೂ ಏನು ಒಂದೇ ತರ ಇದೆ ಅಂತ ಅವನೇ ಬರೆಯಲಿ. ಆಮೇಲೆ ಬರೀ ಅಂಕಿ.

ಕಳಸದ ಕಡೆಯವನು:

ಮಳೆ ಮಾಪಕ ತೊಳೆದು ಇಟ್ಟಿದ್ದೇನೆ. ಅಳತೆಯ ಗ್ಲಾಸ್ ಗಾಜಿನದು, ಹುಷಾರು. ಮರದ ಕೆಳಗೆ, ಮಾಡಿನ ಪಕ್ಕ ಇಡಬೇಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಓದಬೇಕು. ರಜೆ ದಿನ ಯಾರು ಓದುತ್ತಾರೆ?

ಮೂಡಿಗೆರೆ ಟೀಚರ್:

ಶಾಲೆ ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿ ಭಾನುವಾರ ತಾನೇ ಓದಿ ಬರೆಯುತ್ತೇನೆ ಅಂದಿದ್ದಾಳೆ. ಯಾವ ಬಸ್ಸಿಗೆ ಕೊಡುತ್ತೀರಿ ಹೇಳಿ ಸರ್, ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳುತ್ತೇನೆ.