ಫ್ರೀಬಿಎಸ್‌ಡಿ ಫೈಲ್ ಸರ್ವರ್: ದೊಡ್ಡ ಫೈಲ್ ಕಾಪಿ ಮಾಡುವಾಗ ನೆಟ್‌ವರ್ಕ್ ನಿಂತು ಹೋಗುತ್ತದೆ

ಇಳಕಲ್_ಸೆರಗು:
ಎಲ್ಲರಿಗೂ ನಮಸ್ಕಾರ. ಇಳಕಲ್‌ನಲ್ಲಿ ಸೀರೆ ಡಿಸೈನ್ ಮಾಡಿಕೊಡುತ್ತೇನೆ. ಜಕಾರ್ಡ್ ಡಿಸೈನು, ಸೀರೆಗಳ ಫೋಟೊ, ವಿಡಿಯೊ ಎಲ್ಲ ಒಂದೇ ಕಡೆ ಇರಲಿ ಅಂತ ಹಳೇ ಡೆಸ್ಕ್‌ಟಾಪ್‌ಗೆ ಫ್ರೀಬಿಎಸ್‌ಡಿ 14 ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಸಾಂಬಾ ನಡೆಸುತ್ತಿದ್ದೇನೆ. ಸಣ್ಣ ಫೈಲಿಗೆ ಏನೂ ತೊಂದರೆ ಇಲ್ಲ. ವಿಡಿಯೊ ಫೋಲ್ಡರ್ ಕಾಪಿಗೆ ಹಾಕಿದರೆ ಸೆಕೆಂಡಿಗೆ 11 ಎಂಬಿ ದಾಟುವುದಿಲ್ಲ. ಸ್ವಲ್ಪ ಹೊತ್ತಿಗೆ ನಿಂತೇ ಹೋಗುತ್ತದೆ. ಆಗ ಪರದೆ ಮೇಲೆ "ಆರ್‌ಇ0: ವಾಚ್‌ಡಾಗ್ ಟೈಮ್‌ಔಟ್" ಅಂತ ಬರುತ್ತದೆ. ಕಂಪ್ಯೂಟರ್ ಅಂಗಡಿಯವರು ಮದರ್‌ಬೋರ್ಡೇ ಬದಲಿಸಬೇಕು ಅಂದರು. ನಿಜವಾಗಿಯೂ ಬೇಕಾ?

ನವನಗರ_ಡೀಮನ್:
ಬೇಡ. ವಾಚ್‌ಡಾಗ್ ಟೈಮ್‌ಔಟ್ ಅಂದರೆ ನೆಟ್‌ವರ್ಕ್ ಚಿಪ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ ಅಂತ. ದುಡ್ಡು ಹಾಕುವ ಮೊದಲು ಎರಡು ಕಮಾಂಡ್ ಓಡಿಸಿ. "ಪಿಸಿಐಕಾನ್ಫ್ -ಎಲ್‌ವಿ" ಕೊಟ್ಟು ಆರ್‌ಇ0 (ನಿಮ್ಮ ಮದರ್‌ಬೋರ್ಡ್‌ನ ನೆಟ್‌ವರ್ಕ್ ಪೋರ್ಟ್‌ನ ಹೆಸರು) ಸಾಲಿನಲ್ಲಿ ವೆಂಡರ್ ಅಂದರೆ ಚಿಪ್ ಕಂಪನಿ, ಡಿವೈಸ್ ಅಂದರೆ ಚಿಪ್, ಇವುಗಳ ಸಂಖ್ಯೆ ಏನಿದೆ ನೋಡಿ. ಆಮೇಲೆ "ಐಎಫ್‌ಕಾನ್ಫಿಗ್ ಆರ್‌ಇ0" ಕೊಟ್ಟು ಮೀಡಿಯಾ ಅನ್ನುವ ಸಾಲನ್ನು ಇಲ್ಲಿ ಹಾಕಿ. 11 ಎಂಬಿ ಅಂದ ಕೂಡಲೇ ನನಗೆ ಕೇಬಲ್ ಮೇಲೆ ಅನುಮಾನ ಬಂತು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಮೆಗಾಬಿಟ್ ಲಿಂಕ್‌ನಲ್ಲಿ ಬರುವುದು ಅಷ್ಟೇ.

ಇಳಕಲ್_ಸೆರಗು:
ವೆಂಡರ್ 10ಇಸಿ, ಡಿವೈಸ್ 8168. ಮೀಡಿಯಾ ಸಾಲಿನಲ್ಲಿ 100ಬೇಸ್‌ಟಿಎಕ್ಸ್ ಫುಲ್ ಡುಪ್ಲೆಕ್ಸ್ ಅಂತಿದೆ. ಸ್ವಿಚ್ ಮಾತ್ರ ಗಿಗಾಬಿಟ್‌ನದೇ ಅಣ್ಣಾ.

ನವನಗರ_ಡೀಮನ್:
ಹಾಗಾದರೆ ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಎರಡನ್ನೂ ಒಟ್ಟಿಗೆ ಕಲಸಬೇಡಿ.

ಮೊದಲು ಕೇಬಲ್. 100 ಮೆಗಾಬಿಟ್‌ಗೆ 1, 2, 3, 6ನೇ ಪಿನ್‌ಗಳ ನಾಲ್ಕೇ ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ತಂತಿ ಕೂಡಿರಬೇಕು. ನೀಲಿ ಜೋಡಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಸರಿಯಾಗಿ ಕೂತಿಲ್ಲದಿದ್ದರೂ ಲಿಂಕ್ ಸುಮ್ನೆ 100ಕ್ಕೆ ಇಳಿದು ಕೆಲಸ ಮಾಡುತ್ತಿರುತ್ತದೆ. ಯಾವ ಎರರ್ ಕೂಡ ತೋರಿಸುವುದಿಲ್ಲ. ಪ್ಲಗ್ಗನ್ನು ಬೆಳಕಿಗೆ ಹಿಡಿದು ಮುಂದಿನ ತುದಿಯಿಂದ ನೋಡಿ. ಎಂಟು ತಂತಿಯ ಹೊಳೆಯುವ ತುದಿಗಳೂ ಕಾಣಬೇಕು. ಮತ್ತೆ, ಸ್ಪೀಡನ್ನು ಕೈಯಿಂದ 1000 ಅಂತ ಫಿಕ್ಸ್ ಮಾಡಲು ಹೋಗಬೇಡಿ. ತಾಮ್ರದ ಕೇಬಲ್ ಮೇಲಿನ ಗಿಗಾಬಿಟ್‌ಗೆ ಆಟೊ ನೆಗೋಶಿಯೇಶನ್ (ಎರಡೂ ತುದಿ ತಾವೇ ಮಾತಾಡಿಕೊಂಡು ಸ್ಪೀಡ್ ಆರಿಸುವುದು) ಇರಲೇಬೇಕು.

ಇಳಕಲ್_ಸೆರಗು:
ಹೌದು ಅಣ್ಣಾ, ಕಂದು ತಂತಿ ಪ್ಲಗ್ಗಿನ ತುದಿ ತನಕ ಹೋಗಿಯೇ ಇರಲಿಲ್ಲ. ಹೊಸ ಪ್ಲಗ್ ಕ್ರಿಂಪ್ ಮಾಡಿಸಿದೆ. ಈಗ 1000ಬೇಸ್‌ಟಿ ತೋರಿಸುತ್ತಿದೆ, ಕಾಪಿ ಜೋರಾಗಿ ಓಡುತ್ತದೆ. ಆದರೆ ವಾಚ್‌ಡಾಗ್ ಹೋಗಿಲ್ಲ. ಮೊದಲಿಗಿಂತ ಬೇಗ ಬರುತ್ತಿದೆ.

ನವನಗರ_ಡೀಮನ್:
ಲೋಡ್ ಜಾಸ್ತಿ ಆಯಿತಲ್ವಾ, ಅದಕ್ಕೇ. 10ಇಸಿ ಅಂದರೆ ರಿಯಲ್‌ಟೆಕ್. 8168 ಸಂಖ್ಯೆಯಡಿ ಎಷ್ಟೋ ಬೇರೆ ಬೇರೆ ಆವೃತ್ತಿಯ ಚಿಪ್‌ಗಳು ಬಂದಿವೆ. ಸಿಸ್ಟಮ್ ಜೊತೆ ಬರುವ ಆರ್‌ಇ ಡ್ರೈವರ್ ಅವುಗಳಲ್ಲಿ ಕೆಲವನ್ನು ಚೆನ್ನಾಗಿ ನಡೆಸುತ್ತದೆ, ಕೆಲವು ಜೋರು ಟ್ರಾಫಿಕ್ ಬಂದರೆ ಸಿಕ್ಕಿಹಾಕಿಕೊಳ್ಳುತ್ತವೆ. ಖರ್ಚಿಲ್ಲದ ದಾರಿ ಇದೆ: "ರಿಯಲ್‌ಟೆಕ್-ಆರ್‌ಇ-ಕೆಮಾಡ್" ಪ್ಯಾಕೇಜ್. ಅದು ರಿಯಲ್‌ಟೆಕ್ ಕಂಪನಿಯೇ ಬರೆದ ಡ್ರೈವರ್. ಹಾಕಿದ ಮೇಲೆ ಬೂಟ್ ಆಗುವಾಗ ಓದುವ ಸೆಟ್ಟಿಂಗ್ ಫೈಲ್ ಲೋಡರ್ ಡಾಟ್ ಕಾನ್ಫ್‌ನಲ್ಲಿ ಎರಡು ಸಾಲು ಬೇಕು. ಒಂದು ಆ ಡ್ರೈವರ್ ಮಾಡ್ಯೂಲ್ ಲೋಡ್ ಮಾಡಲು, ಇನ್ನೊಂದು ಅದು ಬೂಟ್ ಅಡಿಯ ಮಾಡ್ಯೂಲ್ಸ್ ಫೋಲ್ಡರ್‌ನಲ್ಲಿದೆ ಅಂತ ದಾರಿ ತೋರಿಸಲು. ಈ ಎರಡನೇ ಸಾಲನ್ನು ಬಿಟ್ಟರೆ ಹಳೇ ಡ್ರೈವರೇ ಏರಿ ಕೂರುತ್ತದೆ. ಆಮೇಲೆ ಪ್ಯಾಕೇಜ್ ಸರಿ ಇಲ್ಲ ಅನ್ನುತ್ತಾರೆ.

ಆದರೂ ದಿನವಿಡೀ ಓಡುವ ಸರ್ವರ್‌ಗೆ ನಾನು ಹೇಳುವುದು ಬೇರೆ ಇಂಟೆಲ್ ನೆಟ್‌ವರ್ಕ್ ಕಾರ್ಡ್. ಸಿಸ್ಟಮ್ ಅಪ್‌ಗ್ರೇಡ್ ಆದಾಗೆಲ್ಲ ಹೊರಗಿನ ಮಾಡ್ಯೂಲ್ ಹೊಂದುತ್ತದೋ ಇಲ್ಲವೋ ಅನ್ನುವ ಚಿಂತೆ ಇರುವುದಿಲ್ಲ. 82574ಎಲ್ ಚಿಪ್‌ನದು ಸಿಕ್ಕರೆ ಇಎಂ ಡ್ರೈವರ್, ಐ210 ಸಿಕ್ಕರೆ ಐಜಿಬಿ. ಎರಡೂ ಮೊದಲೇ ಸಿಸ್ಟಮ್‌ನಲ್ಲಿವೆ.

ಟಿಳಕವಾಡಿ_ಕೇಬಲ್:
ಬೆಳಗಾವಿಯಿಂದ ಒಂದು ಮಾತು. ಡಬ್ಬಿ ಮೇಲಿನ ಹೆಸರು ನೋಡಿ ಕಾರ್ಡ್ ತಗೋಬೇಡಿ, ಚಿಪ್ ನೋಡಿ. ಒಂದೇ ಡಬ್ಬಿ, ಒಂದೇ ಮಾಡೆಲ್, ಒಳಗೆ ಚಿಪ್ ಬೇರೆ ಬಂದಿದ್ದನ್ನು ನಾನೇ ನೋಡಿದ್ದೇನೆ. ನಕಲಿ ಇಂಟೆಲ್ ಕಾರ್ಡ್‌ಗಳೂ ಓಡಾಡುತ್ತವೆ, ಅದರಲ್ಲೂ ಐ350. ಸ್ಲಾಟ್ ಕೂಡ ನೋಡಿಕೊಳ್ಳಿ. ಐ350 ಕಾರ್ಡಿಗೆ ಎಕ್ಸ್4 ಉದ್ದದ ಸ್ಲಾಟ್ ಬೇಕು, ತುದಿ ಮುಚ್ಚಿದ ಸಣ್ಣ ಎಕ್ಸ್1 ಸ್ಲಾಟ್‌ನಲ್ಲಿ ಕೂರುವುದಿಲ್ಲ. ನಿಮ್ಮದು ತೆಳು ಕ್ಯಾಬಿನೆಟ್ ಆಗಿದ್ದರೆ ಕಾರ್ಡನ್ನು ಬಿಗಿಯುವ ಗಿಡ್ಡ ಪಟ್ಟಿಯನ್ನೂ ಕೇಳಿ ಇಸಿದುಕೊಳ್ಳಿ.

ಗುಮ್ಮಟ_ಲಿನಕ್ಸ್:
ವಿಜಯಪುರದಿಂದ. ನಡುವೆ ಕೇಳುತ್ತಿದ್ದೇನೆ, ಬೇಜಾರಾಗಬೇಡಿ ಸರ್. ನನ್ನದು ಡೆಬಿಯನ್ ಲಿನಕ್ಸ್. ಹೊಸ ಕಾರ್ಡ್ ಹಾಕಿದ ಮೇಲೆ ಮದರ್‌ಬೋರ್ಡ್‌ನ ಪೋರ್ಟ್ ಹೆಸರು ಇಎನ್‌ಪಿ2ಎಸ್0 ಇದ್ದದ್ದು ಇಎನ್‌ಪಿ3ಎಸ್0 ಆಗಿ, ಐಪಿಯೇ ಬರುತ್ತಿಲ್ಲ.

ನವನಗರ_ಡೀಮನ್:
ಆ ಹೆಸರಿನಲ್ಲಿ ಪಿ ಮುಂದಿನ ಅಂಕೆ ಪಿಸಿಐ ಬಸ್ ಸಂಖ್ಯೆ. ನಡುವೆ ಹೊಸ ಕಾರ್ಡ್ ಬಂದರೆ ಎಣಿಕೆ ಮುಂದೆ ಸರಿಯಬಹುದು. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಡಾಟ್ ಲಿಂಕ್ ಫೈಲ್‌ನಲ್ಲಿ ಮ್ಯಾಕ್ ವಿಳಾಸ (ಆ ಪೋರ್ಟ್‌ನದೇ ಸಂಖ್ಯೆ) ಕೊಟ್ಟು ನಿಮಗೆ ಬೇಕಾದ ಹೆಸರು ಕಟ್ಟಿಬಿಡಿ. ಕಾರ್ಡ್ ಎಲ್ಲಿ ಹಾಕಿದರೂ ಹೆಸರು ಅದೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲೂ ಅದೇ ಹೆಸರು ಬರೆಯಿರಿ.

ಇಳಕಲ್_ಸೆರಗು:
82574ಎಲ್ ಕಾರ್ಡ್ ಸಿಕ್ಕಿತು, ಹಾಕಿದೆ. ವೆಂಡರ್ 8086, ಡಿವೈಸ್ 10ಡಿ3 ಅಂತ ತೋರಿಸುತ್ತಿದೆ. ಕೇಬಲ್ ಅದಕ್ಕೆ ಹಾಕಿದರೆ ದೀಪ ಹತ್ತುತ್ತದೆ, ಆದರೆ ಸರ್ವರ್ ಸಿಗುತ್ತಿಲ್ಲ.

ನವನಗರ_ಡೀಮನ್:
ಚಿಪ್ ಸರಿ ಇದೆ. 8086 ಇಂಟೆಲ್‌ನ ಸಂಖ್ಯೆ, 1978ರ ಅವರ ಪ್ರೊಸೆಸರ್ ಹೆಸರೇ ಅದು. ಆದರೆ ನಿಮ್ಮ ಸಿಸ್ಟಮ್ ಸೆಟ್ಟಿಂಗ್ ಫೈಲ್ ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಐಪಿ ಇನ್ನೂ ಆರ್‌ಇ0 ಹೆಸರಿನಲ್ಲೇ ಇರುತ್ತದೆ. ಆ ಸಾಲಿನಲ್ಲಿ ಆರ್‌ಇ0 ಬದಲು ಇಎಂ0 ಬರೆಯಿರಿ. ಐಪಿ, ನೆಟ್‌ಮಾಸ್ಕ್, ಡಿಫಾಲ್ಟ್ ರೌಟರ್ ಹಾಗೇ ಇರಲಿ. ಆಮೇಲೆ ನೆಟ್‌ಐಎಫ್ ಸರ್ವಿಸ್, ಅದರ ಹಿಂದೆಯೇ ರೌಟಿಂಗ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ಇದನ್ನು ಎಸ್‌ಎಸ್‌ಎಚ್ ಮೂಲಕ, ಅಂದರೆ ನೆಟ್‌ವರ್ಕ್ ಮೇಲೆ ದೂರದಿಂದ ಮಾಡಬೇಡಿ, ನಡುವೆಯೇ ಸಂಪರ್ಕ ಕಡಿದು ಹೋಗಬಹುದು; ಸರ್ವರ್‌ನ ಕೀಬೋರ್ಡ್ ಮುಂದೆ ಕೂತೇ ಮಾಡಿ. ಪಿಎಫ್ ಫೈರ್‌ವಾಲ್ ಇದ್ದರೆ ಅದರ ರೂಲ್‌ಗಳಲ್ಲೂ ಹಳೇ ಹೆಸರು ಇರಬಹುದು, ಹುಡುಕಿ ಬದಲಿಸಿ.

ಇಳಕಲ್_ಸೆರಗು:
ಪಿಎಫ್‌ನಲ್ಲೂ ಆರ್‌ಇ0 ಇತ್ತು, ಬದಲಿಸಿದೆ. ಇಡೀ ವಿಡಿಯೊ ಫೋಲ್ಡರ್ ಸೆಕೆಂಡಿಗೆ 108 ಎಂಬಿ ಹತ್ತಿರ ಓಡಿ ಮುಗಿಯಿತು. ವಾಚ್‌ಡಾಗ್ ಒಮ್ಮೆಯೂ ಬರಲಿಲ್ಲ. ಮದರ್‌ಬೋರ್ಡ್ ದುಡ್ಡು ಉಳಿಯಿತು, ತುಂಬಾ ಥ್ಯಾಂಕ್ಸ್ ಅಣ್ಣಾ. ಹಳೇ ಪೋರ್ಟ್ ಹಾಗೇ ಬಿಡಲೋ?

ನವನಗರ_ಡೀಮನ್:
ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಆಫ್ ಮಾಡಿಡಿ. ನಾಳೆ ಯಾರಾದರೂ ಕೇಬಲ್ ಬಿಚ್ಚಿ ಆ ಪೋರ್ಟಿಗೆ ಹಾಕಿದರೆ ಮತ್ತೆ ಹುಡುಕಾಟ ಶುರುವಾಗುತ್ತದೆ.