ಅಪ್‌ಡೇಟ್: ಹಿಮೋಗ್ಲೋಬಿನ್‌ನಲ್ಲಿ ಕಾಣೆಯಾಗಿದ್ದ ಸಂಪರ್ಕಗಳು ಸಿಕ್ಕವು

ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹವಾದ ಪಿಡಿಬಿಯಲ್ಲಿರುವ ಆಕ್ಸಿಹಿಮೋಗ್ಲೋಬಿನ್‌ನ (ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್) 1ಎಚ್‌ಎಚ್‌ಒ ಕಡತದಲ್ಲಿ ಆಲ್ಫಾ1 ಮತ್ತು ಬೀಟಾ2 ಸರಪಳಿಗಳ ನಡುವಿನ ಅಮೈನೋ ಆಮ್ಲಗಳ ಸಂಪರ್ಕಗಳೇ (ಪರಸ್ಪರ ಹತ್ತಿರವಿರುವ ಜೋಡಿಗಳು) ಕಾಣುತ್ತಿಲ್ಲ ಎಂದು ಕಳೆದ ವಾರ ಕೇಳಿದ್ದೆ. ಮಂಜೇಶ್ವರದ ಅಕ್ಕ ಹೇಳಿದ್ದೇ ಸರಿ: ಅದರಲ್ಲಿರುವುದು ನಾಲ್ಕರಲ್ಲಿ ಎರಡೇ ಸರಪಳಿ. ನಾಲ್ಕೂ ಸರಪಳಿಗಳಿರುವ ಪೂರ್ಣ ಜೈವಿಕ ಜೋಡಣೆಯ ಕಡತ ಇಳಿಸಿಕೊಂಡೆ. ಎಷ್ಟು ಹತ್ತಿರವಿದ್ದರೆ ಸಂಪರ್ಕವೆಂದು ಎಣಿಸಬೇಕೆಂಬ ಅಂತರದ ಮಿತಿಯನ್ನು 8ರಿಂದ 12 ಆಂಗ್‌ಸ್ಟ್ರಾಮ್‌ಗೆ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಏರಿಸುವ ಸಲಹೆ ಫಲಿಸಲಿಲ್ಲ. ದೂರದ ಜೋಡಿಗಳಷ್ಟೇ ತುಂಬಿಕೊಂಡವು.

ಒಂದು ಎಚ್ಚರಿಕೆ: ಹಳೆಯ ಪಿಡಿಬಿ ಮಾದರಿಯ ಜೋಡಣೆ ಕಡತದಲ್ಲಿ ಉಳಿದರ್ಧವು ಎರಡನೆಯ ಮಾಡೆಲ್ (ಕಡತದೊಳಗೆ ಬೇರೆಯಾಗಿ ಬರೆದ ರಚನೆ) ಆಗಿ, ಅದೇ ಎ, ಬಿ ಎಂಬ ಸರಪಳಿ ಹೆಸರಿನಲ್ಲಿರುತ್ತದೆ. ಮೊದಲ ಮಾಡೆಲ್ ಮಾತ್ರ ಓದುವ ತಂತ್ರಾಂಶಕ್ಕೆ ಅದು ಕಾಣದು. ಸಿ, ಡಿ ಎಂದು ಹೆಸರು ಬದಲಿಸಿ ಒಂದೇ ಮಾಡೆಲ್‌ಗೆ ಸೇರಿಸಿ.

ಆಮೇಲೆ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್‌ನ 2ಎಚ್‌ಎಚ್‌ಬಿ ಕಡತದ ಜೊತೆ ಹೋಲಿಸಿದೆ. ಅಲ್ಲಿ ಬೀಟಾ ಸರಪಳಿಯ 146ನೆಯ ಅಮೈನೋ ಆಮ್ಲ ಹಿಸ್ಟಿಡಿನ್ ಮತ್ತು 94ನೆಯದಾದ ಆಸ್ಪಾರ್ಟೇಟ್ ನಡುವೆ ಇರುವ ಲವಣ ಸೇತುವೆ (ವಿರುದ್ಧ ವಿದ್ಯುದಾವೇಶಗಳ ಸೆಳೆತದ ಬಂಧ) ಆಕ್ಸಿ ರೂಪದಲ್ಲಿ ಕಡಿದಿದೆ. ಆಮ್ಲೀಯತೆ ಹೆಚ್ಚಿದಾಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವ ಬೋರ್ ಪರಿಣಾಮದ ಒಂದು ಮುಖ್ಯ ಕಾರಣ ಕಾಸರಗೋಡಿನ ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲೇ ಅಂಕಿಗಳಾಗಿ ಕಂಡಿತು, ಬಹಳ ಸಂತೋಷವಾಯಿತು.