ಹಳೇ ಗಾಡಿ, ಬಿಸಿ ಇಂಜಿನ್: ಮೆಕ್ಯಾನಿಕ್ ಜೊತೆ ಶುಕ್ರವಾರದ ಪ್ರಶ್ನೋತ್ತರ

ಅಡ್ಮಿನ್: ಚಿಕ್ಕಮಗಳೂರಿನ ಹಳೇ ಗಾಡಿ ಬಳಗಕ್ಕೆ ನಮಸ್ಕಾರ. ಇವತ್ತು 7ರಿಂದ 9ರವರೆಗೆ ನಮ್ಮ ಮೆಕ್ಯಾನಿಕ್ ಅಣ್ಣ ಇರುತ್ತಾರೆ. ಇಂಜಿನ್ ಬಿಸಿ ಆಗುವುದು, ಪಿಕಪ್ ಇಲ್ಲದಿರುವುದು, ಇಷ್ಟೇ ವಿಷಯ. ಯಾವ ಗಾಡಿ, ಯಾವ ವರ್ಷದ್ದು, ಯಾವಾಗ ಬಿಸಿ ಆಗುತ್ತದೆ ಎಂದು ಬರೆಯಿರಿ. ಫಾರ್ವರ್ಡ್ ಬೇಡ.

ಬಾಳೆಹೊನ್ನೂರು ಓಮ್ನಿ: ನಮಸ್ತೆ ಅಣ್ಣ. 2004ರ ಓಮ್ನಿ. ಪೇಟೆಯಲ್ಲಿ ನಿಂತರೆ ಬಿಸಿ ತೋರಿಸುವ ಮುಳ್ಳು ಮೇಲೆ ಹೋಗುತ್ತದೆ. ರೋಡಿಗೆ ಬಿದ್ದರೆ ತಾನೇ ಇಳಿಯುತ್ತದೆ.

ಮೆಕ್ಯಾನಿಕ್: ನಮಸ್ತೆ. ನಿಂತಾಗ ಮಾತ್ರ ಬಿಸಿ ಅಂದರೆ ಮೊದಲು ಫ್ಯಾನ್ ನೋಡಿ. ಓಡುವಾಗ ಎದುರು ಗಾಳಿ ಇರುತ್ತದೆ, ನಿಂತಾಗ ಫ್ಯಾನೇ ಗತಿ. ಮೋಟರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ತಿರುಗಿದರೆ ಮೋಟರ್ ಸರಿ ಇದೆ. ಆಗ ಫ್ಯೂಸ್, ರಿಲೇ, ಫ್ಯಾನ್ ಸ್ವಿಚ್ ನೋಡಿಸಿ.

ಕಡೂರು ರಸ್ತೆ ಜೀಪ್: ಅಣ್ಣಾ, 1994ರ ಡೀಸೆಲ್ ಜೀಪ್. ವಿಚಿತ್ರ ತೊಂದರೆ. ತೋಟದಲ್ಲಿ ಗೊಬ್ಬರ ತುಂಬಿಕೊಂಡು ನಿಧಾನ ಹತ್ತಿದರೆ ಏನೂ ಆಗಲ್ಲ. ಕಡೂರು ರಸ್ತೆಯಲ್ಲಿ ಖಾಲಿ ಗಾಡಿ 60 ದಾಟಿದರೆ ಹತ್ತು ನಿಮಿಷದಲ್ಲಿ ಬಿಸಿ. ರೇಡಿಯೇಟರ್ ರಾಡಿಂಗ್ (ಟ್ಯೂಬುಗಳಿಗೆ ಸಲಾಕೆ ಹಾಕಿ ಕೆರೆಸುವುದು) ಮಾಡಿಸಿದೆ. ವಾಟರ್ ಪಂಪ್ ಹೊಸದು, ಇಂಜಿನ್ ಕಾಯುವವರೆಗೆ ನೀರು ತಡೆಯುವ ಥರ್ಮೋಸ್ಟಾಟ್ ಕೂಡ ಹೊಸದು. ಮೂರು ಕಡೆ ತೋರಿಸಿ ದುಡ್ಡು ಸುರಿದದ್ದೇ ಬಂತು.

ಮೆಕ್ಯಾನಿಕ್: ರೇಡಿಯೇಟರಿನ ಕೆಳಗಿನ ಹೋಸ್ ಯಾವ ಕಾಲದ್ದು?

ಕಡೂರು ರಸ್ತೆ ಜೀಪ್: ಅದನ್ನು ಯಾರೂ ಮುಟ್ಟಿಲ್ಲ. ಹೊರಗಿನಿಂದ ಚೆನ್ನಾಗಿಯೇ ಇದೆ.

ಮೆಕ್ಯಾನಿಕ್: ಹೊರಗಿನಿಂದ ಚೆನ್ನಾಗಿರುವುದೇ ಮೋಸ. ಮೇಲಿನ ಹೋಸಿನಲ್ಲಿ ನೀರು ಒತ್ತಿಕೊಂಡು ಬರುತ್ತದೆ. ಕೆಳಗಿನದರಲ್ಲಿ ಪಂಪ್ ನೀರನ್ನು ಎಳೆದುಕೊಳ್ಳುತ್ತದೆ. ಎಷ್ಟೋ ಗಾಡಿಗಳಲ್ಲಿ ಆ ಹೋಸಿನ ಒಳಗೆ ಒಂದು ಸ್ಪ್ರಿಂಗ್ ಇರುತ್ತದೆ, ಪೈಪು ಒಳಕ್ಕೆ ಅಂಟಿಕೊಳ್ಳದಿರಲಿ ಎಂದು. ಬರೀ ನೀರು ಹಾಕಿ ಓಡಿಸಿದರೆ ಸ್ಪ್ರಿಂಗ್ ತುಕ್ಕು ಹಿಡಿದು ಪುಡಿ ಆಗುತ್ತದೆ. ರಬ್ಬರ್ ಬಿಸಿಗೆ ಮೆತ್ತಗಾಗುತ್ತದೆ. ಇಂಜಿನ್ ರೇಸ್ ಆದಾಗ ಪಂಪ್ ಜೋರಾಗಿ ಎಳೆಯುತ್ತದೆ, ಪೈಪು ಚಪ್ಪಟೆ ಆಗುತ್ತದೆ, ನೀರು ನಿಲ್ಲುತ್ತದೆ. ಎಳನೀರಿನ ಕಾಗದದ ಸ್ಟ್ರಾ ನೆನೆದ ಮೇಲೆ ಜೋರಾಗಿ ಹೀರಿದರೆ ಆಗುತ್ತದಲ್ಲ, ಹಾಗೆ. ಗ್ಯಾರೇಜಿಗೆ ತಂದು ಬಾನೆಟ್ ಎತ್ತುವಾಗ ಇಂಜಿನ್ ಸ್ಲೋ ಇರುತ್ತದೆ, ಪೈಪು ಮತ್ತೆ ಉಬ್ಬಿರುತ್ತದೆ. ಅದಕ್ಕೇ ಮೂರು ಕಡೆಯೂ ಸಿಕ್ಕಿಲ್ಲ. ಗಾಡಿ ಬಿಸಿ ಇದ್ದಾಗ ಒಬ್ಬರು ರೇಸ್ ಕೊಡಲಿ, ನೀವು ಟಾರ್ಚ್ ಹಾಕಿ ನೋಡಿ. ಫ್ಯಾನ್, ಬೆಲ್ಟಿನ ಹತ್ತಿರ ಕೈ, ಟವೆಲ್ ಬೇಡ.

ಕೋಟೆ 800: ಸಾರ್, 1998ರ ಮಾರುತಿ 800. ಎರಡು ದಿನಕ್ಕೊಮ್ಮೆ ಅರ್ಧ ಲೀಟರ್ ನೀರು ಹಾಕಬೇಕು. ಕೆಳಗೆ ಒಂದು ಹನಿಯೂ ಬೀಳುವುದಿಲ್ಲ. ಬೆಳಿಗ್ಗೆ ಎರಡು ನಿಮಿಷ ಮಿಸ್ಸಿಂಗ್, ಇಂಜಿನ್ ತಡವರಿಸುತ್ತದೆ, ಆಮೇಲೆ ಸರಿ. ಬಿಳಿ ಹೊಗೆ ಇದೆ. ಭಾನುವಾರ ಅಪ್ಪ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಬೇಕು. ನೀರಿನ ಕ್ಯಾನ್ ಇಟ್ಟುಕೊಂಡು ಹೋದರೆ ಸಾಕಾ?

ತರೀಕೆರೆ: ಫಾರ್ವರ್ಡ್ ಆಗಿ ಬಂದಿದ್ದು: ಎರಡು ಚಮಚ ಅರಿಶಿನ ಪುಡಿ, ಒಂದು ಮೊಟ್ಟೆಯ ಬಿಳಿ ರೇಡಿಯೇಟರಿಗೆ ಹಾಕಿ, ಲೀಕ್ ಮಾಯ 🙏

ಮೆಕ್ಯಾನಿಕ್: 800ರವರೇ, ಸಾಕಾಗಲ್ಲ. ಆ ಗಾಡಿ ಭಾನುವಾರ ಹೊರಡಬಾರದು. ಯಾಕೆ ಹೇಳುತ್ತೇನೆ.

ನೀರು ಹೊರಗೆ ಬೀಳುತ್ತಿಲ್ಲ ಅಂದರೆ ಒಳಗೆ ಹೋಗುತ್ತಿದೆ. ರಾತ್ರಿ ಗಾಡಿ ನಿಂತಾಗ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹಾಳೆ) ದಾಟಿ ಒಂದು ಸಿಲಿಂಡರಿಗೆ ಜಿನುಗುತ್ತದೆ. ಬೆಳಿಗ್ಗೆ ಆ ಪ್ಲಗ್ ಒದ್ದೆ, ಅದಕ್ಕೇ ಮಿಸ್ಸಿಂಗ್. ಆ ನೀರು ಆವಿಯಾಗಿ ಹೋಗುವುದೇ ನಿಮ್ಮ ಬಿಳಿ ಹೊಗೆ. ನಮ್ಮ ಊರಿನ ಚಳಿಯಲ್ಲಿ ಎಲ್ಲ ಗಾಡಿಯೂ ಬೆಳಿಗ್ಗೆ ಸ್ವಲ್ಪ ಬಿಳಿ ಬಿಡುತ್ತದೆ, ಅದು ಬೇರೆ. ಇಂಜಿನ್ ಪೂರ್ತಿ ಕಾದ ಮೇಲೂ ಹೊಗೆ ನಿಲ್ಲದಿದ್ದರೆ ಇದೇ. ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಸ್ವಲ್ಪ ಬಿಳಿ ಲೋಳೆ ಕಂಡರೆ ಹೆದರಬೇಡಿ. ದಿನಾ ಹತ್ತಿರಹತ್ತಿರ ಓಡುವ ಗಾಡಿಯಲ್ಲಿ ಮಂಜಿಗೆ ಅದು ಕೂರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ಮಾತ್ರ ಸ್ಟಾರ್ಟ್ ಕೂಡ ಮಾಡಬೇಡಿ.

ಮನೆಯಲ್ಲೇ ನೋಡಬಹುದು. ಇಂಜಿನ್ ಪೂರ್ತಿ ತಣ್ಣಗಿರುವಾಗ ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಎರಡು ಕಂದು ಬಣ್ಣ, ಒಂದು ಮಾತ್ರ ತೊಳೆದ ಹಾಗೆ ಇದ್ದರೆ ನೀರು ಹೋಗುತ್ತಿರುವುದು ಅಲ್ಲಿಗೇ.

ಚಾರ್ಮಾಡಿ ಇಳಿಯುವಾಗ ನಿಮಗೆ ಏನೂ ಗೊತ್ತಾಗಲ್ಲ, ಇಂಜಿನ್ ಮೇಲೆ ಭಾರ ಇರುವುದಿಲ್ಲ. ಸಂಜೆ ವಾಪಸ್ ಬರುವಾಗ ಎರಡನೇ ಗೇರಿನಲ್ಲಿ ಹತ್ತಬೇಕು. ಸಿಲಿಂಡರಿನ ಗ್ಯಾಸು ನೀರಿನ ದಾರಿಗೆ ನುಗ್ಗುತ್ತದೆ, ನೀರೆಲ್ಲ ಹೊರಗೆ ಎಸೆಯುತ್ತದೆ. ಆಮೇಲೆ ಮುಳ್ಳು ಕೆಳಗೇ ಇದ್ದರೂ ನಂಬಬೇಡಿ. ನೀರೇ ಇಲ್ಲದ ಕಡೆ ಅದು ಏನನ್ನು ಅಳೆಯುತ್ತದೆ? ಈಗ ಗ್ಯಾಸ್ಕೆಟ್ ಮತ್ತು ಹೆಡ್ ಫೇಸಿಂಗಿಗೆ (ಹೆಡ್ಡಿನ ಅಡಿ ಉಜ್ಜಿ ಸಮ ಮಾಡುವುದು) ಮುಗಿಯುವುದು ಆಗ ಹೆಡ್ಡೇ ಸೊಟ್ಟ ಆಗಿ ಅಥವಾ ಸೀಳಿ ನಿಲ್ಲುತ್ತದೆ. ತಿರುವಿನಲ್ಲಿ ಅಪ್ಪ ಅಮ್ಮನನ್ನು ಇಳಿಸಿಕೊಂಡು ನಿಲ್ಲುತ್ತೀರಾ? ಬಿಸಿಯಲ್ಲಿ ಕ್ಯಾಪ್ ಬಿಚ್ಚಿ ಮುಖ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಮೆಕ್ಯಾನಿಕ್: ತರೀಕೆರೆಯವರೇ, ಅರಿಶಿನ ಸಾರಿಗೆ. ಮೊಟ್ಟೆ ಆಮ್ಲೆಟ್ಟಿಗೆ. ರೇಡಿಯೇಟರಿನ ಟ್ಯೂಬುಗಳು ಕಿರಿದು. ಲೀಕ್ ಮುಚ್ಚುವ ಮೊದಲು ಅವೇ ಕಟ್ಟುತ್ತವೆ. ಆಮೇಲೆ ಅದನ್ನು ಕೆರೆದು ತೆಗೆಯುವವನು ನಾನು.

ತರೀಕೆರೆ: ನಾನು ಬರೆದದ್ದಲ್ಲ ಸಾರ್, ಬಂದದ್ದನ್ನು ಹಾಕಿದೆ ಅಷ್ಟೇ.

ಸಖರಾಯಪಟ್ಟಣ: 15 ವರ್ಷ ಆದ ಕಾರಿನ ಆರ್‌ಸಿ ರಿನ್ಯೂವಲ್‌ಗೆ ಏನೇನು ಬೇಕು?

ಅಂಬಾಸಿಡರ್ ಪ್ರಿಯ: ಇಷ್ಟೆಲ್ಲ ಯಾಕೆ? ಥರ್ಮೋಸ್ಟಾಟ್ ಕಿತ್ತು ಬಿಸಾಡಿ. ನಾನು ಇಪ್ಪತ್ತು ವರ್ಷದಿಂದ ಹಾಗೇ ಓಡಿಸುತ್ತಿದ್ದೇನೆ.

ಮೆಕ್ಯಾನಿಕ್: ಮಲೆನಾಡಿನಲ್ಲಿ ಅದನ್ನು ಕಿತ್ತರೆ ಇಂಜಿನ್ ಕಾಯುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರಿನ ಬೋರ್ ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ. ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತಿ ಬಿಸಿ ಹೆಚ್ಚಾಗುತ್ತದೆ. ಅನುಮಾನ ಇದ್ದರೆ ಬಿಚ್ಚಿ ಪಾತ್ರೆಯಲ್ಲಿ ನೀರು ಕಾಯಿಸಿ, ಒಳಗೆ ಬಿಡಿ. 82 ಎಂದು ಅಚ್ಚು ಇದ್ದರೆ ಅಲ್ಲಿಗೆ ಬಾಯಿ ಬಿಡಲು ಶುರು ಮಾಡಬೇಕು.

ಆಲ್ದೂರು ತೋಟ: ಕೂಲೆಂಟೂ ಇದೇ ರೀತಿ ಕಂಪನಿಯವರ ವ್ಯಾಪಾರ. ನಮ್ಮ ಅಪ್ಪನ ಜೀಪಿಗೆ ಹಳ್ಳದ ನೀರೇ ಹಾಕುತ್ತಿದ್ದೆವು. ಗಿರಿ ಹತ್ತಿ ಇಳಿಯುತ್ತಿತ್ತು.

ಹಾಸನ ಡೀಸೆಲ್: ಹತ್ತುತ್ತಿತ್ತು, ನಡುವೆ ನಾಲ್ಕು ಸಲ ನಿಂತು ಬಿಂದಿಗೆ ಹಿಡಿದುಕೊಂಡು ನೀರು ಹುಡುಕುತ್ತಿದ್ದಿರಿ ಎಂದು ಸೇರಿಸಿ.

ಆಲ್ದೂರು ತೋಟ: ಹಾಸನದ ಬಯಲಲ್ಲಿ ಓಡಿಸುವವರಿಗೆ ಘಾಟಿ ಏನು ಗೊತ್ತು?

ಹಾಸನ ಡೀಸೆಲ್: ಸಕಲೇಶಪುರ ಯಾವ ಜಿಲ್ಲೆ ಸ್ವಾಮಿ? ಶಿರಾಡಿ ಯಾರು ಹತ್ತುತ್ತಾರೆ?

ಅಂಬಾಸಿಡರ್ ಪ್ರಿಯ: ಆಲ್ದೂರಿನವರು ಹೇಳಿದ್ದು ಸರಿ. ಈಗಿನವರಿಗೆ ಎಲ್ಲವೂ ಬಾಟಲಿಯಲ್ಲೇ ಬೇಕು.

ಮೆಕ್ಯಾನಿಕ್: ನಮ್ಮ ಊರು ಸಾವಿರ ಮೀಟರಿಗಿಂತ ಎತ್ತರ. ತೆರೆದ ನೀರು ಇಲ್ಲಿ 96-97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿ 1930 ಮೀಟರ್, ಅಲ್ಲಿ 94ರ ಆಸುಪಾಸು. ರೇಡಿಯೇಟರ್ ಕ್ಯಾಪ್ ಕುಕ್ಕರ್ ವೆಯ್ಟ್ ಇದ್ದ ಹಾಗೆ, ಒತ್ತಡ ಹಿಡಿದು ಕುದಿಯದಂತೆ ನೋಡಿಕೊಳ್ಳುತ್ತದೆ. ಕ್ಯಾಪಿನ ರಬ್ಬರ್ ಹೋಗಿದ್ದರೆ ಹಳ್ಳದ ನೀರು ಮೊದಲು ಕುದಿಯುತ್ತದೆ. ಅರ್ಧ ನೀರು ಅರ್ಧ ಕೂಲೆಂಟ್ ಇದ್ದರೆ ಇನ್ನಷ್ಟು ತಡೆಯುತ್ತದೆ, ತುಕ್ಕೂ ಹಿಡಿಯಲ್ಲ. ಹಳೇ ಕಬ್ಬಿಣದ ಹೆಡ್ಡು ಎಷ್ಟೋ ತಡೆದುಕೊಂಡಿತು. 800ರದ್ದು ಅಲ್ಯೂಮಿನಿಯಂ. ಆಲ್ದೂರಿನವರೇ, ನಿಮ್ಮ ಜೀಪಿನ ರೇಡಿಯೇಟರಿಂದ ಎಷ್ಟು ಕೆಂಪು ಕೆಸರು ತೆಗೆದೆ ಅಂತ ಇಲ್ಲಿ ಬರೆಯಬೇಕಾ?

ಆಲ್ದೂರು ತೋಟ: ದುಡ್ಡು ಕೊಟ್ಟಿದ್ದೇನೆ ತಾನೇ?

ಮೆಕ್ಯಾನಿಕ್: ಅರ್ಧ.

ಅಡ್ಮಿನ್: ಹಿರಿಯರು, ದಯವಿಟ್ಟು ವಿಷಯಕ್ಕೆ ಬನ್ನಿ.

ಶೃಂಗೇರಿ ಸುಮೋ: ಅಣ್ಣ, ಗಾಡಿ ಬಿಸಿ ಆಗುತ್ತಿದೆ. ಏನು ಮಾಡಲಿ?

ಮೆಕ್ಯಾನಿಕ್: ಯಾವಾಗ? ನಿಂತಾಗಲೋ, ಓಡುವಾಗಲೋ, ಹತ್ತುವಾಗಲೋ?

ಶೃಂಗೇರಿ ಸುಮೋ: ಹಾಗೇ ಬಿಸಿ ಆಗುತ್ತದೆ.

ಮೆಕ್ಯಾನಿಕ್: ಮೇಲೆ ಓದಿ.

ಕೊಪ್ಪ ಜಿಪ್ಸಿ: ಅಣ್ಣ, ನನ್ನದು ಬಿಸಿ ಆಗಲ್ಲ, ಏರಿನಲ್ಲಿ ಎಳೆಯಲ್ಲ ಅಷ್ಟೇ.

ಮೆಕ್ಯಾನಿಕ್: ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಮೊದಲು. ಆಮೇಲೆ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಬಿಡುವ ಹೊತ್ತು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇಂಜಿನ್ ಬಿಚ್ಚಿಸಿ ಕೊನೆಗೆ ಬ್ರೇಕ್ ಎಂದು ತಿಳಿದವರು ಇದ್ದಾರೆ.

ಕಡೂರು ರಸ್ತೆ ಜೀಪ್: ಅಣ್ಣಾ!! ಈಗ ತಾನೇ ಒಂದು ರೌಂಡ್ ಹೋಗಿ ಬಂದು ತಮ್ಮನ ಕೈಲಿ ರೇಸ್ ಕೊಡಿಸಿದೆ. ಪೈಪು ದೋಸೆ ಆಯಿತು. ಕಾಲು ತೆಗೆದರೆ ಮತ್ತೆ ಗುಂಡಗೆ! ವಿಡಿಯೋ ಹಾಕಲಾ?

ಮೆಕ್ಯಾನಿಕ್: ಬೇಡ, ನಂಬಿದೆ. ಸ್ಪ್ರಿಂಗ್ ಇರುವ ಹೋಸೇ ಕೇಳಿ ತನ್ನಿ. ಕ್ಲಾಂಪ್ ಎರಡೂ ಹೊಸದು. ಹಳೇ ಸ್ಪ್ರಿಂಗಿನ ಚೂರು ಒಳಗೆ ಉಳಿಯದಂತೆ ತೊಳೆಸಿ. ಮತ್ತೆ ಹಳ್ಳದ ನೀರು ಹಾಕಿದರೆ ನನ್ನ ಹತ್ತಿರ ಬರಬೇಡಿ.

ಆಲ್ದೂರು ತೋಟ: ಇದು ನನಗೆ ಹೇಳಿದ್ದು ಅಂತ ಗೊತ್ತಾಯಿತು.

ಕೋಟೆ 800: ಸಾರ್, ಅಪ್ಪ ಹೇಳುತ್ತಾರೆ, ಹರಕೆ ಇದೆ, ನಿಧಾನಕ್ಕೆ ಹೋದರೆ ಆಗುತ್ತದೆ ಅಂತ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರು ಹಾಕಿದರೆ?

ಅಂಬಾಸಿಡರ್ ಪ್ರಿಯ: ಹೋಗಿ ಬನ್ನಿ, ಮಂಜುನಾಥ ಕಾಯುತ್ತಾನೆ.

ಮೆಕ್ಯಾನಿಕ್: ಮಂಜುನಾಥನಿಗೆ ಗ್ಯಾಸ್ಕೆಟ್ ಕೆಲಸ ಹಚ್ಚಬೇಡಿ. 800ರವರೇ, ಪ್ಲಗ್ ಬಿಚ್ಚಿ ನೋಡಿದಿರಾ?

ತರೀಕೆರೆ: ಇನ್ನೊಂದು ಬಂದಿದೆ, ಇದು ಬೇರೆ: ಇಂಜಿನ್ ಬಿಸಿ ಆದ ತಕ್ಷಣ ಮೇಲೆ ತಣ್ಣೀರು ಸುರಿಯಿರಿ...

ಮೆಕ್ಯಾನಿಕ್: ಕಾದ ಹಂಚಿಗೆ ನೀರು ಸುರಿದ ಹಾಗೆ. ಹೆಡ್ ಸೀಳುತ್ತದೆ. ಅಡ್ಮಿನ್, ಇವರನ್ನು ಸ್ವಲ್ಪ ಹೊತ್ತು ಹೊರಗಿಡಿ.

ಹಾಸನ ಡೀಸೆಲ್: 😂

ಕೋಟೆ 800: ಈಗ ಬಿಚ್ಚಿದೆ ಸಾರ್. ಮಧ್ಯದ ಪ್ಲಗ್ ಹೊಸದರ ಹಾಗೆ ಬೆಳ್ಳಗಿದೆ. ಉಳಿದೆರಡೂ ಕಂದು. ಅಪ್ಪನಿಗೂ ತೋರಿಸಿದೆ.

ಮೆಕ್ಯಾನಿಕ್: ಪ್ಲಗ್ ಹಾಕಿ ಮುಚ್ಚಿಡಿ, ಸ್ಟಾರ್ಟ್ ಮಾಡಬೇಡಿ. ಸೋಮವಾರ ಹಗ್ಗ ಕಟ್ಟಿ ಎಳೆಸಿಕೊಂಡು ಬನ್ನಿ. ಹೆಡ್ ಇಳಿಸಿ ಫೇಸಿಂಗ್ ಮಾಡಿಸೋಣ. ಮೊದಲ ಸಲ ಯಾಕೆ ಬಿಸಿ ಆಯಿತು ಅಂತಲೂ ನೋಡಬೇಕು, ಇಲ್ಲವಾದರೆ ಹೊಸ ಗ್ಯಾಸ್ಕೆಟ್ಟೂ ಹೋಗುತ್ತದೆ. ಧರ್ಮಸ್ಥಳಕ್ಕೆ ಬಸ್ಸಿದೆ.

ಕೋಟೆ 800: ಆಯಿತು ಸಾರ್. ಅಪ್ಪನಿಗೆ ಕಿಟಕಿ ಸೀಟ್ ಬೇಕಂತೆ.

ಸಖರಾಯಪಟ್ಟಣ: ಆರ್‌ಸಿ ಬಗ್ಗೆ ಯಾರಾದರೂ?

ಶೃಂಗೇರಿ ಸುಮೋ: ಅಣ್ಣ, ಮೇಲೆ ಓದಿದೆ. ಆದರೂ ಬಿಸಿ ಆಗುತ್ತಿದೆ.

ಅಡ್ಮಿನ್: ಒಂಬತ್ತೂವರೆ ಆಯಿತು. ಅಣ್ಣ ಊಟಕ್ಕೆ ಎದ್ದರು. ಬೆಳಿಗ್ಗೆವರೆಗೆ ಗ್ರೂಪ್ ಬಂದ್.